ಗಡಿನಾಡಿನ ನಿರ್ಣಯವೂ ವಾರ್ತಾವಾಚಕನ ಧರ್ಮವೂ

೧

ಒಂದು ನಾಡಿನ ಜನರು ತಾವು ಯಾವ ರಾಜ್ಯಕ್ಕೆ ಸೇರಬೇಕು, ಅಥವಾ ಸ್ವತಂತ್ರರಾಗಿ ನಿಲ್ಲಬೇಕೇ ಬೇಡವೇ ಎಂಬುದನ್ನು ನಿರ್ಣಯಿಸುವ ಸಂದರ್ಭಗಳು ಚರಿತ್ರೆಯಲ್ಲಿ ವಿರಳವಾಗಿವೆ. ಇಂಥ ನಿರ್ಣಯಗಳಲ್ಲಿ ಎರಡು ಪಕ್ಷಗಳ ಬಲವು ಬಹುಮಟ್ಟಿಗೆ ಸಮಾನವಾಗಿದ್ದರೆ ನಿರ್ಣಯಿಸುವವನ ಹೊಣೆಯಷ್ಟೇ ಭಾರವಾದ ಹೊಣೆಯು ಅದನ್ನು ಸಾರುವವನ ಮೇಲೆಯೂ ಬೀಳುತ್ತದೆ. ಸಾರುವವನು ಒಂದು ಕಾಲದಲ್ಲಿ ಡಂಗುರದ ತಳವಾರನಾಗಿದ್ದನು. ಅನಂತರ ಪತ್ರಿಕೆಯ ಸಂಪಾದಕನಾದನು. ತರುವಾಯ ರೇಡಿಯೋದ ವಾಚಕನಾದನು. ಈಗ ದೂರದರ್ಶನದ ನಿರೂಪಕನಾಗಿದ್ದಾನೆ. ಉಪಕರಣವು ಬದಲಾಯಿತೆಂಬ ಮಾತ್ರಕ್ಕೆ ಧರ್ಮವೂ ಬದಲಾಯಿತೆಂದು ಹೇಳಲಾಗದು. ಆದರೆ ಉಪಕರಣದ ವೇಗವು ಹೆಚ್ಚಿದಷ್ಟೂ ಧರ್ಮವನ್ನು ಮೀರುವುದಕ್ಕೆ ಅವಕಾಶವು ಹೆಚ್ಚಾಗಿದೆ.

ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಭಾಗದಲ್ಲಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಈ ವಿಚಾರಕ್ಕೆ ಯೋಗ್ಯವಾದ ಭೂಮಿಕೆಯಾಗಿವೆ. ರಾಜಾಜ್ಞೆಯನ್ನು ಜನರಿಗೆ ಸಾರಿದ ಅತ್ಯಂತ ಪ್ರಾಚೀನ ಬರಹಗಳಲ್ಲಿ ಮೂರು ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ದೊರೆತಿವೆ. ೧೯೫೩ರಲ್ಲಿ ಬಳ್ಳಾರಿಯ ಪ್ರಶ್ನೆಯು ಇತ್ಯರ್ಥವಾದಾಗ ಅದರ ಪರಿಣಾಮವನ್ನು ಮೈಸೂರು ಸಂಸ್ಥಾನದ ಒಳಗಿದ್ದುಕೊಂಡೇ ಅತಿ ಸಮೀಪದಿಂದ ಕಂಡವರಲ್ಲಿ ಈ ಎರಡು ತಾಲ್ಲೂಕುಗಳ ಜನರೂ ಸೇರಿದ್ದರು. ಕನ್ನಡವೂ ತೆಲುಗೂ ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ ವಾರ್ತೆಯ ಪಕ್ಷಪಾತವೆಂಬುದು ವಾದದ ವಿಷಯವಲ್ಲ. ನೆರೆಮನೆಯವರ ಸೌಹಾರ್ದದ ವಿಷಯ.

೨

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕನ ಲಘು ಶಿಲಾಶಾಸನಗಳಿರುವುದನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಕಂಡುಹಿಡಿದರೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಈ ಶಾಸನಗಳಲ್ಲಿ ಪ್ರಕೃತ ವಿಷಯಕ್ಕೆ ಸಂಬಂಧಿಸಿದ ನಾಲ್ಕು ಅಂಶಗಳು ಗಮನಾರ್ಹವಾಗಿವೆ.

ಮೊದಲನೆಯದಾಗಿ, ವಾರ್ತೆಯು ಬಂದ ದಾರಿಯನ್ನು ಶಾಸನವೇ ಹೇಳುತ್ತದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕುಶಲವನ್ನು ವಿಚಾರಿಸಿ, ಅನಂತರ ರಾಜನ ಮಾತನ್ನು ತಿಳಿಸುತ್ತಾರೆ. ಯಾರ ಮಾತು, ಯಾರ ಮೂಲಕ, ಯಾರಿಗೆ ಬಂದಿತೆಂಬುದನ್ನು ತಿಳಿಸದೆ ವಿಷಯವನ್ನು ಹೇಳುವ ಪದ್ಧತಿ ಅಲ್ಲಿ ಇಲ್ಲ.

ಎರಡನೆಯದಾಗಿ, ಗಡಿಯ ಆಚೆಯವರೂ ಇದನ್ನು ತಿಳಿಯಬೇಕೆಂಬ ಆಶಯವು ಶಾಸನದಲ್ಲಿ ಸ್ಪಷ್ಟವಾಗಿದೆ. ಗಡಿಯವನು ಕೇಳುತ್ತಿದ್ದಾನೆಂಬ ಎಚ್ಚರದಿಂದ ಆಡಿದ ಮಾತಿಗೂ ತನ್ನವರು ಮಾತ್ರ ಕೇಳುತ್ತಾರೆಂದು ಆಡಿದ ಮಾತಿಗೂ ಇರುವ ಅಂತರವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಮೂರನೆಯದಾಗಿ, ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ ಎಂಬ ಉಪದೇಶಗಳ ಜೊತೆಯಲ್ಲಿಯೇ ಸತ್ಯವನ್ನು ನುಡಿಯಬೇಕೆಂಬ ವಿಧಿಯೂ ಅಲ್ಲಿ ಸೇರಿದೆ. ಸಾರುವ ಮಾತಿನ ಒಳಗೇ ಸಾರುವವನ ಧರ್ಮವು ಅಡಕವಾಗಿದೆಯೆಂದು ಇದನ್ನು ಗ್ರಹಿಸಬಹುದು.

ನಾಲ್ಕನೆಯದು ಅತ್ಯಂತ ಸ್ವಾರಸ್ಯವಾದುದು. ಶಾಸನವನ್ನು ಬರೆದ ಚಪಡನು ಕೊನೆಯಲ್ಲಿ ತನ್ನ ಹೆಸರನ್ನು ಹೇಳಿ, ತಾನು ಲಿಪಿಕರನೆಂಬುದನ್ನು ಸೂಚಿಸುವ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಉಳಿದುದೆಲ್ಲವೂ ಬ್ರಾಹ್ಮಿ. ವಾಯವ್ಯ ದೇಶದ ಆ ಲಿಪಿಯನ್ನು ಈ ಸೀಮೆಯಲ್ಲಿ ಓದಬಲ್ಲವರು ವಿರಳವಾಗಿದ್ದಿರಬೇಕು. ಆದುದರಿಂದ ಇದು ಲಿಪಿಕರನು ತನ್ನ ವಿದ್ಯೆಯನ್ನು ತೋರಿಸಿಕೊಂಡ ಸ್ಥಳವೆಂದೇ ಎಣಿಸಬೇಕಾಗಿದೆ. ಆದರೆ ಆ ಪ್ರದರ್ಶನವು ಒಂದು ಪದದಲ್ಲಿ ಮುಗಿಯಿತು. ಅದೂ ರಾಜನ ಮಾತು ಪೂರ್ಣವಾದ ಮೇಲೆ. ಬರೆದವನು ಯಾರೆಂಬ ಹೊಣೆಯು ದಾಖಲಾಯಿತು. ಬರೆದವನ ಅಭಿಪ್ರಾಯವು ಮಾತಿನೊಳಗೆ ನುಸುಳಲಿಲ್ಲ.

ಪ್ರಾಕೃತದಲ್ಲಿದ್ದ ಈ ಬರಹವನ್ನು ಜನರಿಗೆ ಅವರ ನುಡಿಯಲ್ಲಿ ಓದಿ ಹೇಳುವವರಿಲ್ಲದೆ ಶಾಸನದ ಉದ್ದೇಶವು ನೆರವೇರುವಂತಿರಲಿಲ್ಲ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ ರಜ್ಜುಕನೆಂಬ ಅಧಿಕಾರಿಯು ಭೇರಿಯ ಮೂಲಕ ಜಾನಪದರಿಗೆ ಆಜ್ಞೆಯನ್ನು ತಿಳಿಸಬೇಕೆಂಬ ವಿಧಿಯಿರುವುದು ಇದಕ್ಕೆ ಪೋಷಕವಾಗಿದೆ. ಹೀಗೆ ವಾರ್ತೆಯನ್ನು ಹೊರುವುದು, ಅದನ್ನು ಕೇಳುವವರ ಭಾಷೆಯಲ್ಲಿ ಅರ್ಥೈಸುವುದು ಎಂಬ ಎರಡು ಕಾರ್ಯಗಳು ಆ ಕಾಲದಲ್ಲಿಯೇ ಬೇರೆಬೇರೆಯಾಗಿ ಗುರುತಿಸಲ್ಪಟ್ಟಿದ್ದವು. ಊಹಿಸುವುದೆಂಬ ಮೂರನೆಯ ಕಾರ್ಯಕ್ಕೆ ಅಲ್ಲಿ ಸ್ಥಾನವಿರಲಿಲ್ಲ. ಇಂದಿನ ವಾರ್ತಾವಾಚಕನ ಕಷ್ಟವೆಲ್ಲವೂ ಈ ಮೂರನೆಯ ಕಾರ್ಯದಿಂದ ಹುಟ್ಟಿದೆ.

೩

ಊಹೆಯು ವಾರ್ತೆಯ ಉಡುಪನ್ನು ತೊಟ್ಟುಕೊಂಡು ಬಂದರೆ ಏನಾಗುತ್ತದೆಂಬುದಕ್ಕೆ ಚಳ್ಳಕೆರೆಯ ನೆರೆಯ ದೊಡ್ಡೇರಿಯೇ ಸಾಕ್ಷಿ. ೧೬೯೫ರ ಕೊನೆಯಲ್ಲಿ ಮೊಗಲರ ಸೇನಾನಿ ಕಾಸಿಂ ಖಾನನು ಮರಾಠರ ಸಂತಾಜಿ ಘೋರ್ಪಡೆಯಿಂದ ಮುತ್ತಲ್ಪಟ್ಟು ದೊಡ್ಡೇರಿಯ ಕೋಟೆಯನ್ನು ಹೊಕ್ಕು, ಅಲ್ಲಿಯೇ ಮೃತನಾದನು. ಅಫೀಮು ದೊರೆಯದೆ ಸತ್ತನೆಂದು ಒಂದು ಮಾತು. ಅಪಮಾನವನ್ನು ತಾಳಲಾರದೆ ವಿಷವನ್ನು ಕುಡಿದನೆಂದು ಮತ್ತೊಂದು ಮಾತು. ಮರಣವೆಂಬ ಸಂಗತಿಯಲ್ಲಿ ವಿವಾದವಿಲ್ಲ. ಕಾರಣವೆಂಬ ಊಹೆಯಲ್ಲಿ ಮಾತ್ರ ವಿವಾದವುಂಟು. ಕೋಟೆಯ ಹೊರಗಿದ್ದವರಿಗೆ ಎರಡೂ ಒಂದೇ ಸ್ವರದಲ್ಲಿ ತಲಪಿದುದರಿಂದ ಚರಿತ್ರಕಾರರು ಇಂದಿಗೂ ಎರಡನ್ನೂ ಬರೆಯಬೇಕಾಗಿದೆ. ಸಂಗತಿಗೂ ಊಹೆಗೂ ನಡುವೆ ಗೆರೆಯನ್ನು ಎಳೆಯದೆ ಹೋದರೆ ಮುನ್ನೂರು ವರ್ಷಗಳ ಅನಂತರವೂ ಆ ಗೆರೆಯನ್ನು ಎಳೆಯುವುದು ಸಾಧ್ಯವಾಗುವುದಿಲ್ಲ.

೪

ಈಗ ಬಳ್ಳಾರಿಯ ಪ್ರಕರಣವನ್ನು ನೋಡೋಣ. ೧೮೦೦ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲಗಳಲ್ಲಿ ಸೇರಿದ್ದ ಬಳ್ಳಾರಿ ಸೀಮೆಯು ಮದರಾಸು ಪ್ರಾಂತದಲ್ಲಿ ಉಳಿದಿತ್ತು. ೧೮೮೨ರಲ್ಲಿ ಅನಂತಪುರವು ಅದರಿಂದ ಬೇರೆಯಾದ ಮೇಲೆಯೂ ಬಳ್ಳಾರಿ ಜಿಲ್ಲೆಯು ದ್ವಿಭಾಷಾ ಪ್ರದೇಶವಾಗಿಯೇ ಮುಂದುವರಿಯಿತು. ತೆಲುಗು ರಂಗಭೂಮಿಗೆ ಕೀರ್ತಿಯನ್ನು ತಂದ ಧರ್ಮವರಂ ಕೃಷ್ಣಮಾಚಾರ್ಯರೂ ಬಳ್ಳಾರಿ ರಾಘವರೂ ಇದೇ ನಗರದಲ್ಲಿ ಬಾಳಿದರು. ಹಂಪೆಯ ವಿರೂಪಾಕ್ಷನ ಸನ್ನಿಧಿಯೂ ಇದೇ ಜಿಲ್ಲೆಯಲ್ಲಿತ್ತು. ಮೊಳಕಾಲ್ಮೂರು ತಾಲ್ಲೂಕು ಮೈಸೂರಿನದಾಗಿದ್ದರೂ ಉತ್ತರ, ಪೂರ್ವ, ಪಶ್ಚಿಮಗಳಲ್ಲಿ ಮದರಾಸಿನ ಬಳ್ಳಾರಿ, ರಾಯದುರ್ಗ, ಕೂಡ್ಲಿಗಿ ತಾಲ್ಲೂಕುಗಳಿಂದ ಆವೃತವಾಗಿ, ದಕ್ಷಿಣದಲ್ಲಿ ಚಳ್ಳಕೆರೆಯ ಕಡೆಯಿಂದ ಮಾತ್ರ ಸಂಸ್ಥಾನಕ್ಕೆ ಅಂಟಿಕೊಂಡಿದ್ದ ಪರ್ಯಾಯದ್ವೀಪದಂತಿತ್ತು.

ಕಾಂಗ್ರೆಸ್ಸಿನ ಪ್ರಾಂತ ವಿಭಾಗಕ್ಕಾಗಿ ಎನ್. ಸಿ. ಕೇಳ್ಕರರು ೧೯೨೧ರಲ್ಲಿ ಕೊಟ್ಟ ತೀರ್ಪು ಈ ಜಿಲ್ಲೆಯನ್ನು ಎರಡು ಭಾಷೆಯವರ ನಡುವೆ ಹಂಚಿತು. ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ೧೯೫೨ರ ಡಿಸೆಂಬರ್ ೧೫ರಂದು ಮೃತರಾದ ಮೇಲೆ ಆಂಧ್ರ ರಾಜ್ಯದ ರಚನೆಯು ನಿಶ್ಚಿತವಾಯಿತು. ನ್ಯಾಯಾಧೀಶ ವಾಂಛೂ ಅವರ ವರದಿಯಾದ ತರುವಾಯ, ೧೯೫೩ರ ಮಾರ್ಚ್ ೨೫ರಂದು ಪ್ರಧಾನಮಂತ್ರಿ ನೆಹರೂ ಅವರು ಲೋಕಸಭೆಯಲ್ಲಿ ಸರ್ಕಾರದ ನಿಲುವನ್ನು ತಿಳಿಸಿದರು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ. ಹರಪನಹಳ್ಳಿ, ಹಡಗಲಿ, ಹೊಸಪೇಟೆ, ಕೂಡ್ಲಿಗಿ, ಸಂಡೂರು, ಸಿರುಗುಪ್ಪ ತಾಲ್ಲೂಕುಗಳು ಮೈಸೂರಿಗೆ. ಬಳ್ಳಾರಿ ತಾಲ್ಲೂಕಿನ ವಿಷಯವು ಮಾತ್ರ ಉಳಿಯಿತು. ಅಲ್ಲಿ ಒಂದು ಭಾಷೆಯದೇ ಪ್ರಾಬಲ್ಯವೆಂದು ಎದುರುಪಕ್ಷವು ಒಪ್ಪುವಂತೆ ತೋರಿಸುವುದು ಕಷ್ಟವಾಗಿತ್ತು.

ಈ ಸಂದರ್ಭದಲ್ಲಿ ಜನಮತಗಣನೆಯು ನಡೆಯಲಿಲ್ಲ. ಹೈದರಾಬಾದಿನ ಮುಖ್ಯ ನ್ಯಾಯಾಧೀಶರಾಗಿದ್ದ ಎಲ್. ಎಸ್. ಮಿಶ್ರ ಅವರನ್ನು ನಿಯಮಿಸಲಾಯಿತು. ಎರಡು ಪಕ್ಷದವರ ಸಾಕ್ಷ್ಯವನ್ನೂ ಮನವಿಗಳನ್ನೂ ಪರಿಶೀಲಿಸಿ ಅವರು ಬಳ್ಳಾರಿ ತಾಲ್ಲೂಕು ಮೈಸೂರಿಗೆ ಸೇರತಕ್ಕದ್ದೆಂದು ಅಭಿಪ್ರಾಯಪಟ್ಟರು. ಕನ್ನಡ ಪಕ್ಷದಲ್ಲಿ ದುಡಿದವರ ಪೈಕಿ ಟೇಕೂರು ಸುಬ್ರಹ್ಮಣ್ಯಂ, ಕೋ. ಚೆನ್ನಬಸಪ್ಪನವರ ಹೆಸರುಗಳು ಸ್ಮರಣೀಯವಾಗಿವೆ. ೧೯೫೩ರ ಅಕ್ಟೋಬರ್ ೧ರಂದು ಕರ್ನೂಲಿನಲ್ಲಿ ಆಂಧ್ರ ರಾಜ್ಯವು ಉದ್ಘಾಟಿತವಾಯಿತು. ಅದೇ ದಿನ ಬಳ್ಳಾರಿಯೂ ಉಳಿದ ಆರು ತಾಲ್ಲೂಕುಗಳೂ ಮೈಸೂರಿಗೆ ಸೇರಿದವು. ಹಿಂದಿನ ರಾತ್ರಿ ವಿಜಯೋತ್ಸವದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರು ಆಸಿಡ್ ಬಲ್ಬಿನ ದಾಳಿಗೆ ಗುರಿಯಾಗಿ ಅಸುನೀಗಿದರು. ನ್ಯಾಯಸಮ್ಮತವಾಗಿ ಮುಗಿದ ನಿರ್ಣಯವೂ ಹೃದಯಗಳಲ್ಲಿ ಮುಗಿದಿರಲಿಲ್ಲವೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನವು ಬೇಕಾಗಿಲ್ಲ.

ಆ ನಿರ್ಣಯದ ವಾರ್ತೆಯು ಯಾವ ರೀತಿಯ ವ್ಯವಸ್ಥೆಯ ಮೂಲಕ ಹರಡಿತೆಂಬುದು ಇಲ್ಲಿ ವಿಚಾರಾರ್ಹವಾಗಿದೆ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಸ್ಥಾಪಿಸಿದ ಆಕಾಶವಾಣಿಯು ೧೯೫೦ರ ವೇಳೆಗೆ ಅಖಿಲ ಭಾರತ ರೇಡಿಯೋವಿನಲ್ಲಿ ಸೇರಿತ್ತು. ಧಾರವಾಡದ ಕೇಂದ್ರವು ಅದೇ ವರ್ಷ ಆರಂಭವಾಗಿತ್ತು. ತೆಲುಗಿಗೆ ವಿಜಯವಾಡದ ಕೇಂದ್ರವಿತ್ತು. ಆದರೆ ದೇಶದ ಮುಖ್ಯ ವಾರ್ತೆಗಳು ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ದೆಹಲಿಯಲ್ಲಿ ಸಿದ್ಧವಾದ ಒಂದೇ ಮೂಲಪಾಠದಿಂದ ಭಾಷಾಂತರಗೊಂಡು ಓದಲ್ಪಡುತ್ತಿದ್ದವು. ಅಂದರೆ, ಗಡಿಯ ಒಂದೇ ಊರಿನಲ್ಲಿ ಕನ್ನಡ ವಾರ್ತೆಯನ್ನು ಕೇಳಿದವನಿಗೂ ತೆಲುಗು ವಾರ್ತೆಯನ್ನು ಕೇಳಿದವನಿಗೂ ದೊರೆತ ಸಂಗತಿಯು ಒಂದೇ. ಈ ವ್ಯವಸ್ಥೆಯು ಸರ್ಕಾರದ ಅಂಕೆಯಲ್ಲಿತ್ತೆಂಬ ದೋಷವುಳ್ಳದ್ದೇ ಸರಿ. ಸರ್ಕಾರಕ್ಕೆ ಒಪ್ಪಿಗೆಯಾಗದ ಸಂಗತಿಯು ಅದರಲ್ಲಿ ಹಿಂದೆ ಬೀಳುವ ಭಯವು ಸದಾ ಇದ್ದಿತು. ಆದರೆ ಸೋತವನಿಗೊಂದು ಪಾಠ, ಗೆದ್ದವನಿಗೊಂದು ಪಾಠ ಎಂಬ ಭೇದವು ಅದರಲ್ಲಿ ಇರಲಿಲ್ಲ. ಈ ಗುಣದೋಷಗಳೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಕಾಲದ ವಾರ್ತೆಯನ್ನು ತೂಗಬೇಕಾಗಿದೆ.

ವಿಷಯವು ಅಲ್ಲಿಗೂ ಮುಗಿಯಲಿಲ್ಲ. ಫಜಲ್ ಆಲಿ, ಕುಂಜ್ರು, ಪಣಿಕ್ಕರ್ ಅವರನ್ನೊಳಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗವು ೧೯೫೫ರಲ್ಲಿ, ತುಂಗಭದ್ರಾ ಯೋಜನೆಯ ದೃಷ್ಟಿಯಿಂದ, ಬಳ್ಳಾರಿ ತಾಲ್ಲೂಕನ್ನೂ ಅದರ ನೆರೆಯ ಕೆಲವು ಭಾಗಗಳನ್ನೂ ಆಂಧ್ರಕ್ಕೆ ಕೊಡಬಹುದೆಂದು ಶಿಫಾರಸು ಮಾಡಿತು. ಈ ಶಿಫಾರಸು ಅಂಗೀಕೃತವಾಗಲಿಲ್ಲ. ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯವು ಉದಯಿಸಿದಾಗ, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ ಹುಟ್ಟಿ ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಅದರ ಮುಖ್ಯಮಂತ್ರಿಗಳಾದರು. ಮೊಳಕಾಲ್ಮೂರು ಪರ್ಯಾಯದ್ವೀಪವಾಗಿ ಉಳಿಯಲಿಲ್ಲ. ಆದರೆ ರಾಯದುರ್ಗದ ಕಡೆಯ ಗಡಿಯು ಹಾಗೆಯೇ ನಿಂತಿತು. ಆ ಗಡಿಯ ಎರಡು ಮಗ್ಗುಲಲ್ಲಿಯೂ ಬೀಗರಿದ್ದಾರೆ, ದೇವರ ಒಕ್ಕಲುಗಳಿವೆ, ಸಂತೆಗಳಿವೆ. ರಾಯದುರ್ಗದ ಕನ್ನಡಿಗನಿಗೆ ೧೯೫೩ರ ವಾರ್ತೆಯು ಸೋಲಿನ ವಾರ್ತೆ. ಬಳ್ಳಾರಿಯ ತೆಲುಗನಿಗೂ ಅದು ಸೋಲಿನ ವಾರ್ತೆಯೇ. ಒಂದೇ ಪ್ರಕಟನೆಯಲ್ಲಿ ಎರಡು ಭಾಷೆಯವರಲ್ಲಿಯೂ ಗೆದ್ದವರಿದ್ದರು, ಸೋತವರಿದ್ದರು.

೫

ಜನರ ಮತವನ್ನೇ ಎಣಿಸಿ ನಿರ್ಣಯಿಸಿದ ಸಂದರ್ಭವು ಕರ್ನಾಟಕದ ನೆರೆಯಲ್ಲಿ ೧೯೬೭ರ ಜನವರಿ ೧೬ರಂದು ಒದಗಿತು. ಗೋವೆಯು ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೇ ಎಂಬ ಪ್ರಶ್ನೆಗೆ ೧,೭೨,೧೯೧ ಮಂದಿ ಪ್ರತ್ಯೇಕತೆಯ ಪರವಾಗಿಯೂ ೧,೩೮,೧೭೦ ಮಂದಿ ವಿಲೀನದ ಪರವಾಗಿಯೂ ಮತವಿತ್ತರು. ಅಂತರವು ೩೪,೦೨೧. ಅದು ರೇಡಿಯೋ ಮತ್ತು ಪತ್ರಿಕೆಗಳ ಕಾಲ. ದೂರದರ್ಶನವು ಕರ್ನಾಟಕದ ಹಳ್ಳಿಗಳಿಗೆ ಮೊದಲು ಬಂದುದು ೧೯೭೫-೭೬ರ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ, ಉತ್ತರದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಲ್ಲಿ. ಬೆಂಗಳೂರಿನ ಕೇಂದ್ರವು ೧೯೮೧ರ ನವೆಂಬರ್ ೧ರಂದು ಆರಂಭವಾಯಿತು. ೧೯೯೦ರ ದಶಕದಿಂದೀಚೆಗೆ ಖಾಸಗಿ ವಾಹಿನಿಗಳು ಬಂದವು. ಹಗಲಿರುಳು ವಾರ್ತೆಯನ್ನೇ ಬಿತ್ತರಿಸುವ ಕನ್ನಡ ವಾಹಿನಿಗಳು ೨೦೦೬ರಿಂದ ಮೊದಲ್ಗೊಂಡು ಹಲವು ಹುಟ್ಟಿದವು.

ಹಗಲಿರುಳಿನ ವಾಹಿನಿಯ ನಿರೂಪಕನಿಗೆ ಹೊಸದೊಂದು ಸಂಕಟವು ಪ್ರಾಪ್ತವಾಯಿತು. ಹೇಳತಕ್ಕ ಸಂಗತಿಯು ಇನ್ನೂ ಹುಟ್ಟದಿರುವ ಹೊತ್ತಿನಲ್ಲಿಯೂ ಅವನು ಮಾತನಾಡುತ್ತಲೇ ಇರಬೇಕು. ೨೦೧೮ರ ಮೇ ೧೫ರಂದು ಕರ್ನಾಟಕ ವಿಧಾನಸಭೆಯ ೨೨೨ ಸ್ಥಾನಗಳ ಎಣಿಕೆಯು ನಡೆದಾಗ ಇದು ಎಲ್ಲರಿಗೂ ಪ್ರತ್ಯಕ್ಷವಾಯಿತು. ಬಳ್ಳಾರಿಯ ಬಿ. ಶ್ರೀರಾಮುಲು ಅವರು ಮೊಳಕಾಲ್ಮೂರು ಮತ್ತು ಬಾದಾಮಿಗಳೆರಡರಲ್ಲಿಯೂ ಸ್ಪರ್ಧಿಸಿ, ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸಿದ್ದರಾಮಯ್ಯನವರ ಎದುರು ೧,೬೯೬ ಮತಗಳಿಂದ ಸೋತುದರಿಂದ ಈ ತಾಲ್ಲೂಕಿನ ಹೆಸರು ದಿನವಿಡೀ ವಾಹಿನಿಗಳಲ್ಲಿ ಕೇಳಿಬಂದಿತು. ಬೆಳಗಿನ ಹೊತ್ತಿನಲ್ಲಿ ಭಾರತೀಯ ಜನತಾ ಪಕ್ಷದ ಮುನ್ನಡೆಗಳ ಮೊತ್ತವು ಒಂದು ಹಂತದಲ್ಲಿ ಬಹುಮತಕ್ಕೆ ಬೇಕಾದ ೧೧೨ನ್ನು ದಾಟಿತು. ಸರ್ಕಾರವೇ ರಚಿತವಾದಂತೆ ಮಾತುಗಳು ಹರಿದವು. ಸಂಜೆಗೆ ಆ ಸಂಖ್ಯೆಯು ೧೦೪ಕ್ಕೆ ನಿಂತಿತು. ಮೇ ೧೭ರಂದು ಪ್ರಮಾಣವಚನವನ್ನು ಸ್ವೀಕರಿಸಿದ ಯಡಿಯೂರಪ್ಪನವರು ಮೇ ೧೯ರಂದು ರಾಜೀನಾಮೆಯನ್ನಿತ್ತರು. ಬೆಳಗಿನ ವಾರ್ತೆಯಲ್ಲಿ ಒಂದು ಸಂಖ್ಯೆಯೂ ಸುಳ್ಳಾಗಿರಲಿಲ್ಲ. ಸಂಖ್ಯೆಗಳಿಂದ ಹೊರಡಿಸಿದ ವಾಕ್ಯವು ಸುಳ್ಳಾಯಿತು.

೬

ಶಾಸನಸಭೆಯ ಚುನಾವಣೆಯ ತಪ್ಪು ಐದು ವರ್ಷಗಳಲ್ಲಿ ತಿದ್ದಿಕೊಳ್ಳಬಹುದಾದುದು. ಸ್ವಾತಂತ್ರ್ಯದ ಜನಮತಗಣನೆಯು ಹಾಗಲ್ಲ. ಆದುದರಿಂದ ದೂರದರ್ಶನದ ಯುಗದಲ್ಲಿ ನಡೆದ ಎರಡು ಪ್ರಸಿದ್ಧ ನಿದರ್ಶನಗಳನ್ನು ಪರಿಶೀಲಿಸುವುದು ಉಚಿತವಾಗಿದೆ.

ಕೆನಡ ದೇಶದ ಕ್ವಿಬೆಕ್ ಪ್ರಾಂತದಲ್ಲಿ ೧೯೯೫ರ ಅಕ್ಟೋಬರ್ ೩೦ರಂದು ನಡೆದ ಜನಮತಗಣನೆಯಲ್ಲಿ ಶೇಕಡ ೯೩.೫೨ ಮತದಾರರು ಭಾಗವಹಿಸಿದರು. ಸಾರ್ವಭೌಮತ್ವದ ಪರವಾಗಿ ಶೇಕಡ ೪೯.೪೨, ವಿರುದ್ಧವಾಗಿ ಶೇಕಡ ೫೦.೫೮ ಮತಗಳು ಬಂದವು. ಅಂತರವು ೫೪,೨೮೮ ಮಾತ್ರ. ತಿರಸ್ಕೃತವಾದ ಮತಪತ್ರಗಳೇ ೮೬,೫೦೧. ಪೂರ್ವದ ಭಾಗಗಳ ಎಣಿಕೆಯು ಮೊದಲು ಬಂದುದರಿಂದ ಆರಂಭದಲ್ಲಿ ಪರಪಕ್ಷವು ಮುಂದಿತ್ತು. ಮಾಂಟ್ರಿಯಲ್ ನಗರದ ಮತಗಳು ಸೇರುತ್ತ ಹೋದಂತೆ ಸಂಖ್ಯೆಯು ಇನ್ನೊಂದು ಕಡೆಗೆ ವಾಲಿತು. ಫ್ರೆಂಚ್ ಭಾಷೆಯ ವಾರ್ತೆಯನ್ನು ನಿರೂಪಿಸಿದ ಬರ್ನಾರ್ ದೆರೋಮ್ ಅವರು ಫಲಿತಾಂಶವನ್ನು ಮುಂದಾಗಿ ಹೇಳುವಾಗಲೆಲ್ಲ, ಈಗಿನ ಒಲವು ಹೀಗೆಯೇ ಮುಂದುವರಿದರೆ ಎಂಬ ಉಪವಾಕ್ಯವನ್ನು ಮೊದಲಿಡುತ್ತಿದ್ದರು. ಆ ಉಪವಾಕ್ಯವು ಅವರ ಹೆಸರಿನೊಡನೆ ಬೆಸೆದುಹೋಗಿದೆ.

ಸ್ಕಾಟ್ಲೆಂಡಿನಲ್ಲಿ ೨೦೧೪ರ ಸೆಪ್ಟೆಂಬರ್ ೧೮ರಂದು ನಡೆದ ಜನಮತಗಣನೆಯಲ್ಲಿ ಸ್ವಾತಂತ್ರ್ಯದ ಪರವಾಗಿ ೧೬,೧೭,೯೮೯, ವಿರುದ್ಧವಾಗಿ ೨೦,೦೧,೯೨೬ ಮತಗಳು ಬಂದವು. ಮತದಾನವು ಶೇಕಡ ೮೪.೬. ವಾಹಿನಿಗಳು ಅಂದು ಮತಗಟ್ಟೆಯ ಸಮೀಕ್ಷೆಯನ್ನು ನಡೆಸಲಿಲ್ಲ. ಮತದಾನದ ಹೊತ್ತಿನಲ್ಲಿ ಪಕ್ಷವಾದಗಳ ಚರ್ಚೆಯನ್ನು ನಿಲ್ಲಿಸುವ ಅಲ್ಲಿಯ ನಿಯಮವೂ ಪಾಲಿಸಲ್ಪಟ್ಟಿತು. ಆದರೂ ಆಕ್ಷೇಪವು ತಪ್ಪಲಿಲ್ಲ. ಮತದಾನಕ್ಕೆ ಸುಮಾರು ಒಂದು ವಾರ ಮುಂಚೆ ಬಿ.ಬಿ.ಸಿ.ಯ ರಾಜಕೀಯ ಸಂಪಾದಕ ನಿಕ್ ರಾಬಿನ್ಸನ್ ಅವರು ಸ್ಕಾಟ್ಲೆಂಡಿನ ಮುಖ್ಯಸ್ಥ ಅಲೆಕ್ಸ್ ಸಾಮಂಡ್ ಅವರನ್ನು ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನಿಸಿದರು. ಸಾಮಂಡ್ ಅವರು ದೀರ್ಘವಾಗಿಯೇ ಮಾತನಾಡಿದರು. ರಾತ್ರಿಯ ವಾರ್ತೆಯಲ್ಲಿ ಅವರು ಉತ್ತರಿಸಲಿಲ್ಲವೆಂಬ ವಾಕ್ಯವು ಬಂದಿತು. ಗ್ಲಾಸ್ಗೋ ನಗರದ ಬಿ.ಬಿ.ಸಿ. ಕಚೇರಿಯ ಮುಂದೆ ಜನರು ನೆರೆದು ಪ್ರತಿಭಟಿಸಿದರು. ಆ ವಾಕ್ಯವನ್ನು ಬೇರೆ ರೀತಿಯಲ್ಲಿ ಹೇಳಬಹುದಾಗಿತ್ತೆಂದು ರಾಬಿನ್ಸನ್ ಅವರೇ ಮುಂದೆ ಒಪ್ಪಿದರು. ಉತ್ತರವು ತೃಪ್ತಿಕರವಲ್ಲವೆಂಬುದು ವಿಮರ್ಶೆ. ಉತ್ತರವೇ ಇಲ್ಲವೆಂಬುದು ಸಂಗತಿ. ಮೊದಲನೆಯದನ್ನು ಎರಡನೆಯದರ ರೂಪದಲ್ಲಿ ಹೇಳಿದುದೇ ದೋಷಕ್ಕೆ ಕಾರಣವಾಯಿತು.

೭

ಮೇಲಿನ ನಿದರ್ಶನಗಳನ್ನು ತರ್ಕಶಾಸ್ತ್ರದ ಪರಿಭಾಷೆಯಿಂದ ಪರಿಶೀಲಿಸಿದರೆ ವಾರ್ತಾವಾಚಕನ ಧರ್ಮವು ಇನ್ನೂ ಸ್ಪಷ್ಟವಾಗುತ್ತದೆ. ಎಣಿಕೆಯಾದ ಮತವು ಪ್ರತ್ಯಕ್ಷದ ಸ್ಥಾನದಲ್ಲಿದೆ. ಎಣಿಕೆಯಾಗದ ಮತದ ವಿಷಯದಲ್ಲಿ ಹೇಳುವುದೆಲ್ಲವೂ ಅನುಮಾನ. ವಾರ್ತೆಯನ್ನು ಮನೆಯಲ್ಲಿ ಕುಳಿತು ಕೇಳುವವನಿಗಾದರೋ ಎರಡೂ ಶಬ್ದಪ್ರಮಾಣವಾಗಿಯೇ ಬರುತ್ತವೆ. ಆದುದರಿಂದ ಕೇಳುವವನು ಅವುಗಳನ್ನು ತಾನಾಗಿ ವಿಂಗಡಿಸಲಾರನು. ಹೇಳುವವನೇ ವಿಂಗಡಿಸಿ ಕೊಡಬೇಕು. ಆಪ್ತನೆಂದರೆ ಇದ್ದುದನ್ನು ಇದ್ದಂತೆ ನುಡಿಯುವವನೆಂದು ಶಾಸ್ತ್ರಕಾರರು ಹೇಳುತ್ತಾರೆ. ಅನುಮಾನವನ್ನು ಅನುಮಾನವೆಂದೇ ನುಡಿದವನು, ಅದು ಮುಂದೆ ತಪ್ಪಾದರೂ, ಆಪ್ತತ್ವವನ್ನು ಕಳೆದುಕೊಳ್ಳುವುದಿಲ್ಲ. ಅನುಮಾನವನ್ನು ಪ್ರತ್ಯಕ್ಷವೆಂದು ನುಡಿದವನು, ಅದು ಮುಂದೆ ಸರಿಯಾದರೂ, ಆಪ್ತನೆನಿಸುವುದಿಲ್ಲ.

ಧೂಮವಿದ್ದಲ್ಲಿ ಅಗ್ನಿಯುಂಟೆಂಬುದು ನಿರ್ದುಷ್ಟವಾದ ವ್ಯಾಪ್ತಿ. ಅಗ್ನಿಯಿದ್ದಲ್ಲೆಲ್ಲ ಧೂಮವುಂಟೆಂಬುದು ಹಾಗಲ್ಲ. ಅದಕ್ಕೆ ಹಸಿಯ ಸೌದೆಯೆಂಬ ಉಪಾಧಿಯು ಬೇಕು. ಮೊದಲ ಮುನ್ನಡೆಯಿದ್ದಲ್ಲಿ ಜಯವುಂಟೆಂಬ ವಾಕ್ಯವೂ ಉಪಾಧಿಯಿಂದ ಕೂಡಿದ್ದೇ. ಮೊದಲು ಎಣಿಸಿದ ಭಾಗವು ಉಳಿದ ಭಾಗಗಳನ್ನು ಹೋಲುತ್ತಿರಬೇಕೆಂಬುದೇ ಆ ಉಪಾಧಿ. ಕ್ವಿಬೆಕ್ಕಿನ ಪೂರ್ವಭಾಗವು ಮಾಂಟ್ರಿಯಲ್ಲನ್ನು ಹೋಲುತ್ತಿರಲಿಲ್ಲ; ಬಳ್ಳಾರಿಯ ಪ್ರಕರಣದಲ್ಲಿ ರಾಯದುರ್ಗವು ಹಡಗಲಿಯನ್ನು ಹೋಲುತ್ತಿರಲಿಲ್ಲ. ದೆರೋಮ್ ಅವರ ಉಪವಾಕ್ಯವು ಉಪಾಧಿಯ ಉಚ್ಚಾರಣೆಯೇ ಆಗಿದೆ. ಆ ಉಪವಾಕ್ಯವನ್ನು ಬಿಟ್ಟು ಉಳಿದುದನ್ನು ಹೇಳಿದ್ದರೆ ಅದು ಹೇತ್ವಾಭಾಸವಾಗುತ್ತಿತ್ತು.

ಇನ್ನು ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಕಾರಣವೆಂಬುದು ಪ್ರಸಿದ್ಧವಾಗಿದೆ. ಇವುಗಳಲ್ಲಿ ಸನ್ನಿಧಿಯೆಂದರೆ ಪದಗಳು ವಿಳಂಬವಿಲ್ಲದೆ ಒಟ್ಟಿಗೆ ಬರುವುದು. ಒಂದು ಪಕ್ಷವು ಮುಂದಿದೆಯೆಂಬುದನ್ನು ನಿರೂಪಕನು ಉಚ್ಚ ಸ್ವರದಲ್ಲಿ ನುಡಿದು, ಎಷ್ಟು ಮತಗಳಲ್ಲಿ ಎಷ್ಟು ಎಣಿಕೆಯಾಗಿದೆಯೆಂಬುದನ್ನು ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬಿಟ್ಟರೆ ಸನ್ನಿಧಿಯು ಭಂಗವಾಗುತ್ತದೆ. ಅಶ್ವತ್ಥಾಮನ ಮರಣವನ್ನು ಯುಧಿಷ್ಠಿರನು ಸಾರಿದಾಗಲೂ ವಿಶೇಷಣವು ಅವನ ಬಾಯಿಂದ ಬಂದಿತ್ತು. ಆದರೆ ದ್ರೋಣನ ಕಿವಿಗೆ ಬೀಳಲಿಲ್ಲ. ಅದುವರೆಗೆ ನೆಲವನ್ನು ಮುಟ್ಟದೆ ಚಲಿಸುತ್ತಿದ್ದ ಅವನ ರಥವು ಅಂದು ನೆಲಕ್ಕಿಳಿಯಿತೆಂದು ಭಾರತವು ಹೇಳುತ್ತದೆ. ವಿಶೇಷಣವನ್ನು ಹೇಳಿದರೆ ಸಾಲದು. ಅದು ಕೇಳುವಂತೆ ಹೇಳಬೇಕೆಂಬುದೇ ಅಲ್ಲಿಯ ತಾತ್ಪರ್ಯ. ಇದಕ್ಕೆ ಪ್ರತಿಯಾಗಿ ಲಂಕೆಯಿಂದ ಬಂದ ಹನುಮಂತನು ಕಂಡೆನೆಂಬ ಅರ್ಥದ ಪದವನ್ನೇ ಮೊದಲು ನುಡಿದು ಸಂದೇಹಕ್ಕೆ ಎಡೆಗೊಡಲಿಲ್ಲವೆಂದು ವ್ಯಾಖ್ಯಾನಕಾರರು ಕೊಂಡಾಡಿದ್ದಾರೆ. ತಾನು ದಾಟಿದ ಸಮುದ್ರದ ಕಥೆಯನ್ನು ಅವನು ಮೊದಲಿಡಲಿಲ್ಲ.

ಭಾರತದ ಶಾಸನವೂ ಈ ದಿಕ್ಕಿನಲ್ಲಿ ಕೆಲವು ಕಟ್ಟುಗಳನ್ನು ವಿಧಿಸಿದೆ. ಪ್ರಜಾಪ್ರಾತಿನಿಧ್ಯ ಕಾಯಿದೆಯ ೧೨೬ನೆಯ ವಿಧಿಯು ಮತದಾನ ಮುಗಿಯುವುದಕ್ಕೆ ಮುಂಚಿನ ೪೮ ಗಂಟೆಗಳಲ್ಲಿ 
ಚುನಾವಣಾ ಪ್ರಚಾರವನ್ನು ದೂರದರ್ಶನದಲ್ಲಿ ತೋರಿಸುವುದನ್ನು ನಿಷೇಧಿಸುತ್ತದೆ. ೧೨೬-ಎ ವಿಧಿಯು ಮತಗಟ್ಟೆಯ ಸಮೀಕ್ಷೆಯನ್ನು ಗೊತ್ತಾದ ಅವಧಿಯಲ್ಲಿ ಪ್ರಕಟಿಸದಂತೆ ತಡೆಯುತ್ತದೆ. ಆದರೆ ಎಣಿಕೆಯ ದಿನದ ಮಾತಿಗೆ ಸ್ವರವನ್ನು ಕಾಯಿದೆಯು ಗೊತ್ತುಮಾಡಲಾರದು. ಅದು ವಾಚಕನ ಶಿಕ್ಷಣಕ್ಕೂ ಶೀಲಕ್ಕೂ ಬಿಟ್ಟ ವಿಷಯ.

೮

ಇಷ್ಟು ವಿಚಾರದಿಂದ ಫಲಿಸುವ ಅಂಶವೊಂದುಂಟು. ವಾರ್ತಾವಾಚಕನು ನಿಷ್ಪಕ್ಷಪಾತಿಯೇ ಅಲ್ಲವೇ ಎಂಬುದನ್ನು ಗೆದ್ದವರನ್ನು ಕೇಳಿ ತಿಳಿಯಲಾಗದು. ಗೆದ್ದವನಿಗೆ ಎಲ್ಲ ವಾರ್ತೆಯೂ ಮಧುರ. ಸೋತವನು ಆ ವಾರ್ತೆಯನ್ನು ನಂಬಿದನೇ ಎಂಬುದೇ ಒರೆಗಲ್ಲು. ಕ್ವಿಬೆಕ್ಕಿನಲ್ಲಿ ಸೋತ ಪಕ್ಷದ ನಾಯಕ ಜಾಕ್ ಪಾರಿಜೋ ಅವರು ಹಣವನ್ನೂ ಅನ್ಯಜನಾಂಗದವರ ಮತಗಳನ್ನೂ ಅಂದೇ ರಾತ್ರಿ ನಿಂದಿಸಿ, ಮರುದಿನ ಪದತ್ಯಾಗದ ನಿರ್ಧಾರವನ್ನು ಪ್ರಕಟಿಸಿದರು. ಆದರೆ ಸಂಖ್ಯೆಯು ಹೀಗಿದೆಯೆಂದು ಸಾರಿದ ವಾರ್ತೆಯ ಮೇಲೆ ನಿಂತೇ ಆ ಕೋಪವೂ ಹೊರಟಿತು. ವಾರ್ತೆಯೇ ಸಂಶಯಕ್ಕೆ ಈಡಾಗಿದ್ದರೆ ಕೋಪಕ್ಕೆ ನಿಲ್ಲುವ ನೆಲವೂ ಇರುತ್ತಿರಲಿಲ್ಲ, ಸಮಾಧಾನಕ್ಕೆ ನಿಲ್ಲುವ ನೆಲವೂ ಇರುತ್ತಿರಲಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರುಗಳ ಗಡಿಯಲ್ಲಿ ಇಂದು ಕನ್ನಡ ವಾಹಿನಿಗಳೂ ತೆಲುಗು ವಾಹಿನಿಗಳೂ ಒಂದೇ ಮನೆಯನ್ನು ತಲಪುತ್ತವೆ. ೧೯೫೩ರಲ್ಲಿದ್ದಂತೆ ಎರಡಕ್ಕೂ ಒಂದೇ ಮೂಲಪಾಠವು ಈಗ ಇಲ್ಲ. ಸರ್ಕಾರದ ಅಂಕೆಯು ಸಡಿಲವಾದುದು ಲಾಭವೇ ಸರಿ. ಆದರೆ ಅದರೊಡನೆ ಗಡಿಯವನೂ ಕೇಳುತ್ತಿದ್ದಾನೆಂಬ ಎಚ್ಚರವು ಸಡಿಲವಾದರೆ ಅದು ನಷ್ಟ. ನೀರಿನ ವ್ಯಾಜ್ಯವಾಗಲಿ, ನೆಲದ ವ್ಯಾಜ್ಯವಾಗಲಿ ಎದ್ದಾಗ, ಗಡಿಯ ಮನೆಯಲ್ಲಿ ಅತ್ತೆಯು ಒಂದು ವಾಹಿನಿಯನ್ನೂ ಸೊಸೆಯು ಇನ್ನೊಂದು ವಾಹಿನಿಯನ್ನೂ ನಂಬುವ ಸ್ಥಿತಿಯು ಒದಗದಿರಬೇಕಾದರೆ, ಎರಡು ಭಾಷೆಯ ವಾಚಕರೂ ಸಂಗತಿಯನ್ನು ಒಂದೇ ಅಳತೆಯಲ್ಲಿ ಅಳೆದು, ತಮ್ಮ ಊಹೆಯನ್ನು ಊಹೆಯೆಂದೇ ಹೆಸರಿಟ್ಟು ಹೇಳಬೇಕು. ಮಾತು ಎಲ್ಲಿಂದ ಬಂದಿತೆಂಬುದನ್ನು ಮೊದಲು ಹೇಳಿ, ಸಂಗತಿಯನ್ನು ಪೂರ್ಣವಾಗಿ ತಿಳಿಸಿ, ತನ್ನ ಗುರುತನ್ನು ಕೊನೆಗೆ ಒಂದು ಪದದಲ್ಲಿ ಮುಗಿಸಿದ ಲಿಪಿಕರ ಚಪಡನು ಈ ವಿದ್ಯೆಯಲ್ಲಿ ಅವರಿಗೆ ಪೂರ್ವಾಚಾರ್ಯನಾಗಲು ಅರ್ಹನಾಗಿದ್ದಾನೆ.